ಯಾರೂ ಕೊಳ್ಳದ ರೆಕಾರ್ಡಿನ ಹಿಂದೆ ಬಿದ್ದವರು

ಎಲ್ಲರಿಗೂ ನಮಸ್ಕಾರ. ಹಳೇ ರೆಕಾರ್ಡುಗಳ ಬಗ್ಗೆ ಮಾತಾಡುತ್ತಾರೆ ಅಂದಾಗ ಎಲ್ವಿಸ್ ಬಗ್ಗೆಯೋ ಬೀಟಲ್ಸ್ ಬಗ್ಗೆಯೋ ಇರಬಹುದು ಅಂದುಕೊಂಡು ಬಂದಿರುತ್ತೀರಿ. ಅವರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕು ಅಂತ ಬಂದಿರುವುದು ಫೈವ್ ಶಾರ್ಪ್ಸ್ ಅನ್ನುವ ಗುಂಪಿನ ಬಗ್ಗೆ. ಹೆಸರು ಕೇಳಿದವರು ಕೈ ಎತ್ತಿ ಅಂದೆ, ಒಂದು ಕೈಯೂ ಮೇಲೇಳಲಿಲ್ಲ. ಪರವಾಗಿಲ್ಲ. 1952ರಲ್ಲಿ ಅವರ ಊರಿನವರೇ ಹೆಚ್ಚು ಜನ ಕೇಳಿರಲಿಲ್ಲ. ಈ ಹುಡುಗರು ಆ ಹೆಸರಿನಲ್ಲಿ ತಂದಿದ್ದು ಒಂದೇ ಒಂದು ರೆಕಾರ್ಡು. ಆ ಬದಿಗೆ ಒಂದು ಹಾಡು, ಈ ಬದಿಗೆ ಒಂದು. ಅಷ್ಟೇ. ಆ ಒಂದು ರೆಕಾರ್ಡಿಗಾಗಿ ಅಮೆರಿಕದ ಸಂಗ್ರಾಹಕರು ವರ್ಷಗಟ್ಟಲೆ ಅಂಗಡಿ, ಗೋದಾಮು, ಅಟ್ಟ ಎಲ್ಲಾ ಜಾಲಾಡಿದರು.

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಜಮೈಕಾ ಅಂತ ಒಂದು ಬಡಾವಣೆ ಇದೆ. ದ್ವೀಪದ ಜಮೈಕಾಗೂ ಇದಕ್ಕೂ ಸಂಬಂಧ ಇಲ್ಲ. ಕಪ್ಪು ಜನಾಂಗದ ಈ ಹುಡುಗರು ಅಲ್ಲಿಯವರು. ಮುಖ್ಯ ದನಿ ರೊನಾಲ್ಡ್ ಕಫಿ. ಜೊತೆಗೆ ಕ್ಲಾರೆನ್ಸ್ ಬ್ಯಾಸೆಟ್, ಬಾಬಿ ವಾರ್ಡ್, ಮಿಕಿ ಓವೆನ್ಸ್. ಪಿಯಾನೋಗೆ ಟಾಮ್ ಡಕೆಟ್. ಆಗಿನ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಗಳಲ್ಲಿ ಹೀಗೆ ನಾಲ್ಕೈದು ಹುಡುಗರು ಸೇರಿ ಹಾಡುವುದು ಮಾಮೂಲಿ. ವಾದ್ಯಕ್ಕೆ ದುಡ್ಡಿಲ್ಲ, ಹಾಗಾಗಿ ಗಂಟಲೇ ವಾದ್ಯ. ಒಬ್ಬ ಮೇಲಿನ ಸ್ವರ ಹಿಡಿಯುತ್ತಾನೆ, ಇನ್ನೊಬ್ಬ ತಳದ ಸ್ವರ, ಮಧ್ಯದಲ್ಲಿ ಇಬ್ಬರು ಊ ಅಂತಲೋ ವಾ ಅಂತಲೋ ತುಂಬುತ್ತಾರೆ. ಬೀದಿ ಮೂಲೆ, ಶಾಲೆಯ ಮೆಟ್ಟಿಲು, ನೆಲದಡಿ ಓಡುವ ಸಬ್‌ವೇ ರೈಲಿನ ನಿಲ್ದಾಣ, ಎಲ್ಲೆಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೋ ಅಲ್ಲೆಲ್ಲಾ ಇವರ ಅಭ್ಯಾಸ. ಡೂ-ವಾಪ್ ಅಂತ ನಾವು ಈಗ ಕರೆಯುವ ಸಂಗೀತ ಇದೇ. ರಾಕ್ ಅಂಡ್ ರೋಲ್ ಅಂದಕೂಡಲೇ ನಮಗೆ ಗಿಟಾರು ನೆನಪಾಗುತ್ತದೆ. ಗಿಟಾರಿನಷ್ಟೇ ಪಾಲು ಈ ಗಂಟಲುಗಳದ್ದೂ ಇದೆ.

ಇವರನ್ನು ಧ್ವನಿಮುದ್ರಿಸಿದ್ದು ಜುಬಿಲಿ ರೆಕಾರ್ಡ್ಸ್. ಜೆರಿ ಬ್ಲೇನ್ ನಡೆಸುತ್ತಿದ್ದ ನ್ಯೂಯಾರ್ಕಿನ ಸ್ವತಂತ್ರ ಕಂಪನಿ. ಬಾಲ್ಟಿಮೋರಿನ ಓರಿಯೋಲ್ಸ್ ಅನ್ನುವ ಗುಂಪು 1948ರಿಂದ ಇವರಿಗೆ ಒಳ್ಳೇ ವ್ಯಾಪಾರ ತಂದುಕೊಟ್ಟಿತ್ತು. ಒಂದು ಗುಂಪು ಗೆದ್ದರೆ ಹತ್ತು ಗುಂಪುಗಳನ್ನು ಕರೆಸಿ ನೋಡುವುದು ಆ ಕಾಲದ ಸಣ್ಣ ಕಂಪನಿಗಳ ರೀತಿ. ಒಂದು ಮಧ್ಯಾಹ್ನದಲ್ಲಿ ಎರಡು ಹಾಡು ಮುಗಿಸಿ ಕಳಿಸಿಬಿಡುತ್ತಿದ್ದರು. ಫೈವ್ ಶಾರ್ಪ್ಸ್ ಹುಡುಗರಿಗೆ ಸಂಭಾವನೆಯಾಗಿ ಸಿಕ್ಕಿದ್ದು ಹಾಟ್‌ಡಾಗ್ ಮತ್ತು ಸೋಡಾ ಅಂತ ಸಂಗ್ರಾಹಕರ ವಲಯದಲ್ಲಿ ಒಂದು ಮಾತಿದೆ. ಅಕ್ಷರಶಃ ನಿಜವೋ ಸ್ವಲ್ಪ ಉಪ್ಪುಖಾರ ಹಚ್ಚಿದ್ದೋ, ಆ ಕಾಲದ ವ್ಯವಹಾರ ಬಲ್ಲವರಿಗೆ ಅದನ್ನು ನಂಬುವುದು ಕಷ್ಟವೇನಲ್ಲ.

ಹಾಡಿದ್ದು ‘ಸ್ಟಾರ್ಮಿ ವೆದರ್’. ಇವರ ಸ್ವಂತ ಹಾಡಲ್ಲ. ಹೆರಾಲ್ಡ್ ಆರ್ಲೆನ್ ಮತ್ತು ಟೆಡ್ ಕೋಲರ್ 1933ರಲ್ಲಿ ಬರೆದಿದ್ದು. ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಎಥೆಲ್ ವಾಟರ್ಸ್ ಹಾಡಿ ಮನೆಮಾತು ಮಾಡಿದ್ದರು. ಅಂದರೆ ಈ ಹುಡುಗರ ಕೈಗೆ ಬರುವಷ್ಟರಲ್ಲಿ ಅದು ಸುಮಾರು 20 ವರ್ಷ ಹಳೇ ಹಾಡು. ಹಿಂಬದಿಯಲ್ಲಿ ‘ಸ್ಲೀಪಿ ಕೌಬಾಯ್’. ಕಂಪನಿ ಈ ರೆಕಾರ್ಡಿಗೆ ಕೊಟ್ಟ ಸಂಖ್ಯೆ ಜುಬಿಲಿ 5104. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸ್ವಲ್ಪ ಕೇಳಿಸುತ್ತೇನೆ. (ಸಭೆಯಲ್ಲಿ ಇಲ್ಲಿ ಹಾಡು ಹಾಕಿದ್ದೆ. ಓದುವವರು ಹುಡುಕಿ ಕೇಳಿಕೊಳ್ಳಿ, ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ.) ಮೊದಲು ಗುಡುಗು. ಆಮೇಲೆ ಮಳೆ. ಸ್ಟುಡಿಯೋದ ಸದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಮಳೆಯ ಹಿಂದಿನಿಂದ ಪಿಯಾನೋ ಬರುತ್ತದೆ, ಅವಸರವೇ ಇಲ್ಲ. ಆಮೇಲೆ ಕಫಿಯ ದನಿ. ಎಥೆಲ್ ವಾಟರ್ಸ್ ಹಾಡಿದ್ದು ನೊಂದ ಹೆಂಗಸಿನ ಹಾಡು. ಇಲ್ಲಿ ಅದೇ ಮಾತುಗಳನ್ನು ಮೀಸೆ ಚಿಗುರುವ ವಯಸ್ಸಿನ ಹುಡುಗ ಹಾಡುತ್ತಿದ್ದಾನೆ. ಲಯ ಎಷ್ಟು ನಿಧಾನ ಅಂದರೆ ಪ್ರತಿ ಸಾಲಿನ ಕೊನೆಯಲ್ಲಿ ಮುಂದಿನ ಸಾಲು ಬರುತ್ತದೋ ಇಲ್ಲವೋ ಅನ್ನಿಸುತ್ತದೆ. ಹಿಂದಿನ ದನಿಗಳು ಅಲ್ಲಲ್ಲಿ ಸ್ವಲ್ಪ ಜಾರುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಇದು ಒಳ್ಳೆಯ ರೆಕಾರ್ಡು, ಮಹಾ ರೆಕಾರ್ಡಲ್ಲ. ಅದೇ ಓರಿಯೋಲ್ಸ್ ಇದಕ್ಕಿಂತ ಚೆನ್ನಾಗಿ ಹಾಡಿದ ಹತ್ತು ಹಾಡು ತೋರಿಸಬಲ್ಲೆ, ಅವು ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಆ ಗುಡುಗು ಮತ್ತು ಆ ಹುಡುಗನ ಹಿಂಜರಿಕೆ ಎರಡೂ ಸೇರಿ ಏನೋ ಮಾಡುತ್ತವೆ. ಒಮ್ಮೆ ಕೇಳಿದರೆ ಬೇಗ ಬಿಟ್ಟುಹೋಗುವುದಿಲ್ಲ.

ಮಾರಾಟ ಆಗಲಿಲ್ಲ. ರೇಡಿಯೋದವರು ಕಣ್ಣೆತ್ತಿ ನೋಡಲಿಲ್ಲ. ಗುಂಪು ಚದುರಿತು.

ಇನ್ನು ಆ ರೆಕಾರ್ಡು ಯಾತರಿಂದ ಆಗಿತ್ತು ಅನ್ನುವುದನ್ನು ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲಾ ಅದರ ಮೇಲೆ ನಿಂತಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆ. ನಮ್ಮ ಅಜ್ಜಂದಿರು ಗ್ರಾಮಫೋನ್ ಪ್ಲೇಟು ಅನ್ನುತ್ತಿದ್ದರಲ್ಲ, ಅದೇ ಜಾತಿ. ಇಂಥ ತಟ್ಟೆಗಳನ್ನು ಬಹುಪಾಲು ಅರಗಿನಿಂದ ಹಿಡಿದುಕೂಡಿಸುತ್ತಿದ್ದರು. ಹೌದು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೂರಿಸುವ ಅದೇ ಅರಗು. ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಸಣ್ಣ ಹುಳುಗಳು ಸುರಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸಿ ಮಾಡಿ ಒತ್ತಿದರೆ ತಟ್ಟೆ. ಅಮೆರಿಕಕ್ಕೆ ಈ ಅರಗು ಹೆಚ್ಚಾಗಿ ಹೋಗುತ್ತಿದ್ದುದೇ ಭಾರತದಿಂದ. ಎರಡನೇ ಮಹಾಯುದ್ಧದಲ್ಲಿ ಹಡಗುಗಳ ಓಡಾಟಕ್ಕೆ ತೊಂದರೆ ಆಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸರಕಾರ ರೆಕಾರ್ಡು ಕಂಪನಿಗಳ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತ ಮಾಡಿತು. ಹಳೇ ರೆಕಾರ್ಡು ತಂದುಕೊಡಿ, ಕರಗಿಸಿ ಹೊಸದು ಮಾಡುತ್ತೇವೆ ಅಂತ ಕಂಪನಿಗಳು ಜನರನ್ನು ಕೇಳಿಕೊಂಡವು. ಎಷ್ಟೋ ಹಾಡುಗಳು ಹಾಗೆ ಕರಗಿಹೋದವು.

ಫೈವ್ ಶಾರ್ಪ್ಸ್ ರೆಕಾರ್ಡು ಯುದ್ಧ ಮುಗಿದ ಮೇಲಿನದ್ದು, ಅದನ್ನು ಯಾರೂ ಕರಗಿಸಲಿಲ್ಲ. ಆದರೆ ಅದರ ಕಾಲವೇ ಮುಗಿಯುತ್ತಿತ್ತು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ, ಏಳು ಇಂಚಿನ, ಬಗ್ಗಿದರೂ ಒಡೆಯದ ತಟ್ಟೆ ತಂದಿತ್ತು. ಅದನ್ನು 45 ಅಂತಲೇ ಕರೆಯುತ್ತಾರೆ. ಕೆಲವೇ ವರ್ಷಗಳಲ್ಲಿ ಹುಡುಗ ಹುಡುಗಿಯರೆಲ್ಲಾ 45ಕ್ಕೆ ಬದಲಾದರು. ಮನೆಯಲ್ಲಿದ್ದ ಭಾರದ, ಕೈ ಜಾರಿದರೆ ಚೂರಾಗುವ 78ಗಳು ಮೂಲೆ ಸೇರಿದವು, ಆಮೇಲೆ ಕಸದ ಗಾಡಿ ಸೇರಿದವು. ಅಂಗಡಿಯವರು ಉಳಿದ ಸರಕನ್ನು ಎಸೆದರು. ಕಂಪನಿಗಳೂ ಅಷ್ಟೇ, ಸೋತ ಹಾಡಿನ ಮೂಲ ಮುದ್ರಿಕೆ ಜೋಪಾನ ಮಾಡುವ ಗೋಜಿಗೆ ಹೋಗಲಿಲ್ಲ.

ಈಗ 1961ಕ್ಕೆ ಬರೋಣ. ನ್ಯೂಯಾರ್ಕಿನ 42ನೇ ಬೀದಿಯ ಹತ್ತಿರ ಸಬ್‌ವೇ ಮೆಟ್ಟಿಲಿಳಿದರೆ ಟೈಮ್ಸ್ ಸ್ಕ್ವೇರ್ ರೆಕಾರ್ಡ್ಸ್ ಅಂತ ಒಂದು ಸಣ್ಣ ಅಂಗಡಿ. ಮಾಲೀಕ ಇರ್ವಿಂಗ್ ರೋಸ್. ಉದ್ದಕ್ಕೆ ತೆಳ್ಳಗಿದ್ದ, ಎಲ್ಲರೂ ಸ್ಲಿಮ್ ಅನ್ನುತ್ತಿದ್ದರು. ಶಾಲೆ ಬಿಟ್ಟ ಹುಡುಗರು ಅಲ್ಲಿ ಮುತ್ತಿಕೊಳ್ಳುತ್ತಿದ್ದರು. ಅಪರೂಪದ ರೆಕಾರ್ಡುಗಳನ್ನು ಗೋಡೆಗೆ ತೂಗುಹಾಕಿ ಬೆಲೆ ಬರೆಯುವುದು, ಬೇಕಾದವುಗಳ ಪಟ್ಟಿ ಹಾಕಿ ‘ತಂದುಕೊಟ್ಟರೆ ಇಷ್ಟು’ ಅನ್ನುವುದು ಸ್ಲಿಮ್‌ನ ವರಸೆ. ಐದಾರು ವರ್ಷದ ಹಿಂದಿನ ಹಾಡಿಗೆ ಹೊಸ ಹಾಡಿಗಿಂತ ಜಾಸ್ತಿ ಬೆಲೆ ಇರಬಹುದು ಅನ್ನುವುದನ್ನು ಆ ಹುಡುಗರು ಕಲಿತಿದ್ದು ಆ ಗೋಡೆ ನೋಡಿ. ಅವನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಜೆರಿ ಗ್ರೀನ್ ಅನ್ನುವ ಹುಡುಗ ಕ್ವೀನ್ಸ್‌ನ ಕಾಪ್ರಿಸ್ ಗುಂಪಿನ ಒಂದು ಸೋತ ಹಾಡನ್ನು ಮತ್ತೆ ಅಚ್ಚು ಹಾಕಿಸಿದ. ಅದು ಕೈಯಿಂದ ಕೈಗೆ ದಾಟಿ, ದೊಡ್ಡ ಕಂಪನಿಗೆ ಹೋಗಿ, 1961ರಲ್ಲಿ ಇಡೀ ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಹಾಡು ‘ದೇರ್ಸ್ ಎ ಮೂನ್ ಔಟ್ ಟುನೈಟ್’. ಸುಮ್ನೆ ಹಳೇ ಸರಕು ಅಂದುಕೊಂಡಿದ್ದರ ಹಿಂದೆ ದುಡ್ಡೂ ಇದೆ ಅಂತ ಎಲ್ಲರಿಗೂ ಅರಿವಾಯಿತು.

ಇದೇ ಸಮಯಕ್ಕೆ ಬ್ರೂಕ್ಲಿನ್‌ನ ಒಂದು ಅಂಗಡಿಯಲ್ಲಿ ಒಬ್ಬ ಸಂಗ್ರಾಹಕನಿಗೆ ಜುಬಿಲಿ 5104 ಸಿಕ್ಕಿತು. ಸ್ಲಿಮ್‌ಗೆ ತೋರಿಸಿದ. ಸ್ಲಿಮ್ ತನ್ನ ರೇಡಿಯೋ ಕಾರ್ಯಕ್ರಮದಲ್ಲಿ ಹಾಕುತ್ತೇನೆ ಅಂತ ಎರವಲು ಪಡೆದ. ಆಮೇಲೆ ಅದು ಒಡೆದುಹೋಯಿತು.

ಹೇಗೆ ಒಡೆಯಿತು ಅಂದಿರಾ? ಸ್ಲಿಮ್ ಒಂದು ರಕೂನ್ ಸಾಕಿದ್ದ. ಮುಖಕ್ಕೆ ಕಪ್ಪು ಪಟ್ಟಿ ಇರುವ, ಬೆಕ್ಕಿಗಿಂತ ತುಸು ದೊಡ್ಡ ಪ್ರಾಣಿ ಅದು. ರಕೂನ್ ರೆಕಾರ್ಡಿನ ಮೇಲೆ ಕೂತುಬಿಟ್ಟಿತು ಅಂತ ಒಂದು ಕಥೆ. ಕಾಲಿಟ್ಟಿತು ಅಂತ ಇನ್ನೊಂದು. ಅಂಗಡಿಯಲ್ಲಿ ಯಾರದೋ ಕೈಜಾರಿ ಬಿತ್ತು, ಪಾಪ ಆ ಮೂಕಪ್ರಾಣಿಯ ಮೇಲೆ ಗೂಬೆ ಕೂರಿಸಿದರು ಅಂತ ಮತ್ತೊಂದು. ಸಂಗ್ರಾಹಕರು ಸೇರಿದಲ್ಲೆಲ್ಲಾ ಇವತ್ತಿಗೂ ಇದರ ಚರ್ಚೆ ನಡೆಯುತ್ತದೆ. ನನಗೆ ರಕೂನ್ ಇಷ್ಟ.

ಸ್ಲಿಮ್‌ಗೆ ಮುಜುಗರ. ಇನ್ನೊಂದು ಪ್ರತಿ ತಂದುಕೊಟ್ಟವರಿಗೆ ಬಹುಮಾನ ಅಂತ ಗೋಡೆಗೆ ಹಾಕಿದ. ಯಾರೂ ತರಲಿಲ್ಲ. ಮೊತ್ತ ಏರಿಸಿದ. ಆಗಲೂ ಇಲ್ಲ. ಜುಬಿಲಿ ಕಂಪನಿಗೇ ಹೋಗಿ ಕೇಳಿದ. ಮೂಲ ಮುದ್ರಿಕೆ ಅವರ ಹತ್ತಿರವೂ ಸಿಗಲಿಲ್ಲ. ಇಲ್ಲಿಂದ ಕಥೆ ರಂಗೇರುತ್ತದೆ. ಅಸಲಿ ಸಿಗದಿದ್ದರೆ ಏನಂತೆ ಅಂತ 1964ರಲ್ಲಿ ಬೇರೆಯದೇ ಹುಡುಗರನ್ನು ಸೇರಿಸಿ, ಅದೇ ಹೆಸರಿಟ್ಟು, ಅದೇ ಹಾಡು ಹಾಡಿಸಿ, ಅದೇ ಜುಬಿಲಿ ಹೆಸರಿನಲ್ಲಿ ಹೊರತಂದರು. ಸಂಖ್ಯೆ 5478. ಹುಡುಕಿ ಹುಡುಕಿ ಸೋತಿದ್ದ ಅಭಿಮಾನಿಗಳಿಗೆ ಇದರಿಂದ ಸಮಾಧಾನ ಆಗಲಿಲ್ಲ, ಅಸಲಿಯ ಮೇಲಿನ ಆಸೆ ಇನ್ನೂ ಜಾಸ್ತಿ ಆಯಿತು. ಗುಂಪಿನ ಹೆಸರು, ಹಾಡು, ಕಂಪನಿ ಮೂರೂ ಹೊಂದಿಕೆಯಾದರೂ ರೆಕಾರ್ಡು ಬೇರೆ. ಆ ನಾಲ್ಕು ಅಂಕಿ ನೋಡದೆ ದುಡ್ಡು ಕೊಟ್ಟರೆ ಮುಗಿಯಿತು.

ಹತ್ತು ವರ್ಷ ದಾಟಿದ ಮೇಲೆ ಒಂದು ಅಸಲಿ ಪ್ರತಿ ಸಿಕ್ಕಿತು. ಸೀಳು ಬಿಟ್ಟಿತ್ತು. ಬಿಮ್ ಬ್ಯಾಮ್ ಬೂಮ್ ಅಂತ ಈ ಗಾಯನ ಗುಂಪುಗಳಿಗಾಗಿಯೇ ನ್ಯೂಯಾರ್ಕಿನಲ್ಲಿ ಹೊರಡುತ್ತಿದ್ದ ಪತ್ರಿಕೆಯವರು ಅದನ್ನು ಕೊಂಡು 1972ರಲ್ಲಿ ಮರುಮುದ್ರಿಸಿದರು. ಬಹುಪಾಲು ಅಭಿಮಾನಿಗಳು ಆ ಗುಡುಗನ್ನು ಮೊದಲು ಕೇಳಿದ್ದು ಆಗಲೇ.

ಸೀಳಿದ 78 ಅಂದರೆ ಏನು ಅಂತ ಹೇಳುತ್ತೇನೆ. ತಟ್ಟೆ ತಿರುಗುವಾಗ ಪ್ರತಿ ಸುತ್ತಿಗೂ ಸೂಜಿ ಆ ಸೀಳನ್ನು ಒಮ್ಮೆ ದಾಟುತ್ತದೆ. ದಾಟಿದಾಗೆಲ್ಲಾ ಟಕ್. ನಿಮಿಷಕ್ಕೆ 78 ಟಕ್. ಮೂರು ನಿಮಿಷದ ಹಾಡಿಗೆ ಇನ್ನೂರಕ್ಕೂ ಹೆಚ್ಚು. ಈಗ ಕಂಪ್ಯೂಟರಿನಲ್ಲಿ ಅವನ್ನು ಒಂದೊಂದಾಗಿ ತೆಗೆಯಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೂ ಇರುತ್ತದೆ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೇ 78 ಅನ್ನೂ ನಡುವಿನ ತೂತಿಗೆ ಬೆರಳು ಸಿಕ್ಕಿಸಿ ಹಿಡಿದು ಮೆಲ್ಲಗೆ ತಟ್ಟುತ್ತಾರೆ. ಗಟ್ಟಿಯಿದ್ದರೆ ನಾದ ಬರುತ್ತದೆ, ಸೀಳಿದ್ದರೆ ಬದ್ದೆನ್ನುತ್ತದೆ.

1977ರಲ್ಲಿ ಸೀಳಿಲ್ಲದ ಒಂದು ಪ್ರತಿ ಹೊರಬಂತು. ಹರಾಜಿನಲ್ಲಿ 3,866 ಡಾಲರಿಗೆ ಹೋಯಿತು. ಆ ಕಾಲಕ್ಕೆ ಅದು ತಲೆ ತಿರುಗುವ ಬೆಲೆ. ಮುಂದೆ ಅದು ಐದಂಕಿ ಮುಟ್ಟಿತು. 45ರ ರೂಪದಲ್ಲಿ ಜುಬಿಲಿ 5104ರ ಅಸಲಿ ಪ್ರತಿ ಮಾತ್ರ ಇವತ್ತಿನವರೆಗೆ ಬೆಳಕಿಗೆ ಬಂದಿಲ್ಲ. ಇದ್ದೀತು ಅಂತ ನಂಬಿರುವವರು ಇನ್ನೂ ಹುಡುಕುತ್ತಿದ್ದಾರೆ.

ಈ ಬೆಲೆಯಲ್ಲಿ ಹಾಡಿದವರಿಗೆ ಒಂದು ಕಾಸೂ ಹೋಗುವುದಿಲ್ಲ. ಹಳೇ ರೆಕಾರ್ಡಿನ ವ್ಯಾಪಾರದಲ್ಲಿ ಮಾರುವವನು ಮತ್ತು ಕೊಳ್ಳುವವನು ಇಬ್ಬರೇ. ಇದರಿಂದ ಸಂಗ್ರಾಹಕರ ಮೇಲೆ ಸಿಟ್ಟು ಬರುವುದು ಸಹಜ, ನನಗೂ ಬಂದಿದೆ. ಆದರೆ ಮೂಲ ಮುದ್ರಿಕೆ ಕಳೆದುಕೊಂಡವರು ಇವರಲ್ಲ. ಆ ಹಾಡನ್ನು ನಾವು ಈಗ ಕೇಳುತ್ತಿದ್ದೇವೆ ಅಂದರೆ ಅದು ಈ ಹುಚ್ಚರ ದೆಸೆಯಿಂದಲೇ. ನನ್ನ ತಕರಾರು ಬೇರೆ. ರೆಕಾರ್ಡಿನ ಹಿಂದೆ ಬಿದ್ದವರಲ್ಲಿ ಹೆಚ್ಚಿನವರು ಹುಡುಗರ ಹಿಂದೆ ಹೋಗಲಿಲ್ಲ. 5104 ಅನ್ನುವುದು ಗೊತ್ತು, ರಕೂನ್ ಗೊತ್ತು. ಕ್ಲಾರೆನ್ಸ್ ಬ್ಯಾಸೆಟ್ ಯಾರು ಅಂದರೆ ತಡವರಿಸುತ್ತಾರೆ.

ಹಾಗಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಹೇಳುವುದು ಇದು. ಕೈಗೆಟುಕದ ಆ ತಟ್ಟೆ ಬಿಡಿ. ದನಿಗಳನ್ನು ಹಿಂಬಾಲಿಸಿ.

ಬ್ಯಾಸೆಟ್ ಮತ್ತು ಕಫಿ ಹಾಡುವುದು ಬಿಡಲಿಲ್ಲ. ಕೆಲವು ವರ್ಷದ ಮೇಲೆ ಅದೇ ಜಮೈಕಾ ಬಡಾವಣೆಯಲ್ಲಿ ವಿಡಿಯೋಸ್ ಅಂತ ಇನ್ನೊಂದು ಗುಂಪು ಕಟ್ಟಿದರು. ಜೊತೆಗೆ ಚಾರ್ಲ್ಸ್ ಬಾಸ್ಕರ್‌ವಿಲ್ ಸೇರಿಕೊಂಡ. 1958ರಲ್ಲಿ ಕಸಿನೋ ಅನ್ನುವ ಸಣ್ಣ ಕಂಪನಿಗೆ ‘ಟ್ರಿಕಲ್ ಟ್ರಿಕಲ್’ ಹಾಡಿದರು. ಇಲ್ಲಿಯೂ ಮಳೆಯೇ! ಆದರೆ ಇದು ಕುಣಿಯುವ ಮಳೆ. ಮಾತುಗಳು ಎಷ್ಟು ವೇಗವಾಗಿ ಉದುರುತ್ತವೆ ಅಂದರೆ ಜೊತೆಗೆ ಹಾಡಲು ಹೋದರೆ ನಾಲಿಗೆ ತೊಡರುತ್ತದೆ. ನನ್ನ ಲೆಕ್ಕದಲ್ಲಿ ‘ಸ್ಟಾರ್ಮಿ ವೆದರ್’ಗಿಂತ ಇದು ಮೇಲು. ಮ್ಯಾನ್‌ಹಟನ್ ಟ್ರಾನ್ಸ್‌ಫರ್ ಗುಂಪು 1979ರಲ್ಲಿ ಇದನ್ನು ಮತ್ತೆ ಹಾಡಿತು, ಅದರಿಂದ ಹೊಸ ತಲೆಮಾರಿಗೂ ಪರಿಚಯ ಆಯಿತು. ಕಫಿ ಅದನ್ನು ಕೇಳಲು ಇರಲಿಲ್ಲ. ಎಳೆ ವಯಸ್ಸಿನಲ್ಲೇ ತೀರಿಕೊಂಡಿದ್ದ.

ಆಮೇಲೆ ಬ್ಯಾಸೆಟ್ ಮತ್ತು ಬಾಸ್ಕರ್‌ವಿಲ್ ಇಬ್ಬರೂ ಜೇಮ್ಸ್ ಶೆಪರ್ಡ್ ಜೊತೆಗೂಡಿದರು. ಶೆಪರ್ಡ್ ಕೂಡ ಅದೇ ಸುತ್ತಿನವನು. ಹಾರ್ಟ್‌ಬೀಟ್ಸ್ ಗುಂಪಿನಲ್ಲಿದ್ದಾಗ 1956ರಲ್ಲಿ ‘ಎ ಥೌಸಂಡ್ ಮೈಲ್ಸ್ ಅವೇ’ ಹಾಡಿ ಹೆಸರು ಮಾಡಿದ್ದ. ಮೂವರೇ. ಐದು ಜನರ ಗುಂಪುಗಳ ಕಾಲದಲ್ಲಿ ಮೂವರು ಅಂದರೆ ಸ್ವಲ್ಪ ವಿಚಿತ್ರ. ಶೆಪ್ ಅಂಡ್ ದಿ ಲೈಮ್‌ಲೈಟ್ಸ್ ಅಂತ ಹೆಸರು. 1961ರಲ್ಲಿ ಹಲ್ ಕಂಪನಿಗೆ ಹಾಡಿದ ‘ಡ್ಯಾಡೀಸ್ ಹೋಮ್’ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಆ ದೂರದ ಊರಿನ ಹಾಡಿಗೆ ಇದು ಉತ್ತರ. ಸಾವಿರ ಮೈಲಿ ಆಚೆ ಇದ್ದವನು ಮನೆಗೆ ಬಂದಿದ್ದಾನೆ. ನೋಡಿ, ಗೋಡೆಗೆ ಬಹುಮಾನ ಬರೆದು ಫೈವ್ ಶಾರ್ಪ್ಸ್ ಹುಡುಕುತ್ತಿದ್ದ ಅದೇ ವರ್ಷ, ಅವರಲ್ಲೊಬ್ಬನ ದನಿ ದೇಶದ ರೇಡಿಯೋದಲ್ಲೆಲ್ಲಾ ಬರುತ್ತಿತ್ತು!

ನಮ್ಮಲ್ಲಿ ಆ ಹಾಡು ಗೊತ್ತಿರುವವರಿಗೆ ಹೆಚ್ಚಾಗಿ ಗೊತ್ತಿರುವುದು ಕ್ಲಿಫ್ ರಿಚರ್ಡ್ 1981ರಲ್ಲಿ ಹಾಡಿದ್ದು. ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ ಅಂದರೆ ನಮ್ಮ ಹಿಂದಿನ ತಲೆಮಾರಿಗೆ ಬಹಳ ಅಕ್ಕರೆ. ಆ ಕ್ಯಾಸೆಟ್ಟು ಮನೆಯಲ್ಲಿದ್ದರೆ ಇಟ್ಟುಕೊಳ್ಳಿ, ಆದರೆ ಅಸಲಿ ಹಲ್ ರೆಕಾರ್ಡು ಒಮ್ಮೆ ಕೇಳಿ. ಶೆಪರ್ಡ್ ಮುಂದೆ ನಿಂತು ಹಾಡುತ್ತಾನೆ, ಹಿಂದೆ ಎರಡೇ ದನಿ. ಎರಡೇ ಇರುವುದರಿಂದ ಒಂದೊಂದನ್ನೂ ಬಿಡಿಸಿ ಕೇಳಬಹುದು. ಇದರ 45 ಲಕ್ಷಗಟ್ಟಲೆ ಬೆಲೆಯ ವಸ್ತುವಲ್ಲ, ಬೇಕಾದಷ್ಟು ಪ್ರತಿಗಳಿವೆ.

ಶೆಪರ್ಡ್‌ನ ಕೊನೆ ಚೆನ್ನಾಗಿರಲಿಲ್ಲ. 1970ರ ಜನವರಿಯಲ್ಲಿ ಲಾಂಗ್ ಐಲ್ಯಾಂಡ್ ಹೆದ್ದಾರಿಯಲ್ಲಿ ತನ್ನ ಕಾರಿನೊಳಗೆ ಹೆಣವಾಗಿ ಸಿಕ್ಕ. ಹೊಡೆದು ಕೊಂದಿದ್ದರು.

ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಒಬ್ಬರು 78ಗಳನ್ನು ಮನೆಯಲ್ಲಿ ಹೇಗೆ ಇಡಬೇಕು ಅಂತ ಕೇಳಿದರು. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಸ್ಪಿರಿಟ್ ಹಾಕಿ ಒರೆಸಲೇಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡೇ ಅಳಿಸಿಹೋಗುತ್ತದೆ. ಎಲ್‌ಪಿ, ಅಂದರೆ ಒಂದೇ ಬದಿಯಲ್ಲಿ ಹಲವು ಹಾಡು ಹಿಡಿಸುವ ದೊಡ್ಡ ರೆಕಾರ್ಡು, ಅದರ ಸೂಜಿಯಲ್ಲಿ 78 ನುಡಿಸಬೇಡಿ. 78ರ ಗೀರು ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಸೂಜಿ ತಳದಲ್ಲಿ ಹೊರಳಾಡುತ್ತದೆ, ಗೊರಗೊರ ಬಿಟ್ಟು ಬೇರೇನೂ ಕೇಳುವುದಿಲ್ಲ. 78 ಅಂತಲೇ ಬೇರೆ ಸೂಜಿ ಸಿಗುತ್ತದೆ.

ನಮ್ಮ ದೇಶದಲ್ಲಿ ಇಂಥ ರೆಕಾರ್ಡು ಸಿಗುತ್ತದಾ ಅಂತ ಇನ್ನೊಬ್ಬರು ಕೇಳಿದರು. ಫೈವ್ ಶಾರ್ಪ್ಸ್ ಬಗ್ಗೆ ಕನಸು ಕಾಣಬೇಡಿ. ಆದರೆ ಅಮೆರಿಕದವರು 78 ಬಿಟ್ಟ ಮೇಲೂ ನಾವು ವರ್ಷಗಟ್ಟಲೆ ಅಚ್ಚು ಹಾಕುತ್ತಲೇ ಇದ್ದೆವು. ಬೀಟಲ್ಸ್ ಹಾಡುಗಳೇ ಇಲ್ಲಿ 78ರಲ್ಲಿ ಬಂದಿವೆ. ಅದಕ್ಕೆ ವಿದೇಶಿ ಸಂಗ್ರಾಹಕರು ಮುಗಿಬೀಳುತ್ತಾರೆ. ಅಜ್ಜನ ಪೆಟ್ಟಿಗೆ ತೂಕಕ್ಕೆ ಹಾಕುವ ಮುಂಚೆ ಒಂದು ಸಲ ತೆರೆದು ನೋಡಿ.

ಕೊನೆಗೆ ಒಬ್ಬ ಹುಡುಗ ಎದ್ದು ನಿಂತ. ಅಂತರಜಾಲದಲ್ಲಿ ಯಾರೋ ಜುಬಿಲಿ 5104 ಅನ್ನು 45ರಲ್ಲೇ ಮಾರುತ್ತಿದ್ದಾರೆ, ಬೆಲೆಯೂ ಕಡಿಮೆ, ಕೊಳ್ಳಲಾ ಸರ್ ಅಂದ. ಅಂಥ ನಕಲಿಗಳು ಬಹಳ ಇವೆಯಪ್ಪಾ. ಹಾಡು ಕೇಳುವುದಕ್ಕೆ ಅಂತಾದರೆ ನಕಲಿ ಅಂತ ಗೊತ್ತಿದ್ದೇ ಕೊಂಡುಕೋ, ತಪ್ಪಿಲ್ಲ. ಅಸಲಿ ಅಂತ ಮಾರುವವನು ಮನೆ ಬಾಗಿಲಿಗೇ ಬಂದರೆ ಒಂದು ಕಾಫಿ ಕೊಟ್ಟು ಕಳಿಸು.